ಕೆಂಪು ಪೆನ್ನು ಮತ್ತು ತಿರುಗದ ಗ್ರಹ

"ಈ ಪುಸ್ತಕದ ಹಲ್ಲನ್ನ ಒಂದೊಂದಾಗಿ ಕಿತ್ತು ಕೈಗೆ ಕೊಡ್ತೀನಿ!" ಎಂದು ನಾನು ಘೋಷಿಸಿದ್ದು ಬೆಳಗಿನ ತಿಂಡಿಯ ಹೊತ್ತಿಗೆ. ನಾನು ದಂತವೈದ್ಯ. ಇಪ್ಪತ್ತೆರಡು ವರ್ಷದಿಂದ ಕೀಳುವುದೇ ಕಸುಬಾದ್ದರಿಂದ ಮಾತೂ ಆ ಕಡೆಗೇ ಹೋಗುತ್ತದೆ.

ಪುಸ್ತಕ ಹದಿನಾರರ ಮಗಳದು. ಕಥೆ, ತಿರುಗುವುದನ್ನೇ ಮರೆತ ಒಂದು ಗ್ರಹದ್ದು. ಒಂದು ಬದಿ ಸದಾ ಹಗಲು, ಇನ್ನೊಂದು ಬದಿ ಸದಾ ರಾತ್ರಿ. ಹಗಲಿನ ಹುಡುಗಿ, ರಾತ್ರಿಯ ಹುಡುಗ. ಭೇಟಿಯಾಗಲು ನಡುವಿನ ಗಡಿ, ಅದೂ ಮೂರೇ ನಿಮಿಷ. ಮಗಳು ಇದನ್ನು ಮೂರನೇ ಸಲ ಓದಿ ಅಳುತ್ತಿದ್ದಳು.

"ಹೆಸರಿಗೆ ವಿಜ್ಞಾನ, ಒಳಗೆಲ್ಲ ಬೊಗಳೆ. ಸಂಜೆಯೊಳಗೆ ತಪ್ಪುಗಳ ಪಟ್ಟಿ ಮಾಡ್ತೀನಿ ನೋಡು."

"ಮಾಡಿ ಅಪ್ಪಾ. ಆದ್ರೆ ಪಟ್ಟಿ ಮುಗಿದ ಮೇಲೂ ಓದ್ತಾ ಇದ್ರೆ, ಜನ್ಮದಲ್ಲಿ ಇನ್ನು ನನ್ನ ಪುಸ್ತಕಗಳ ಬಗ್ಗೆ ತುಟಿ ಬಿಚ್ಚಬಾರದು."

"ಒಪ್ಪಿದೆ!"

"ಪಾಪ" ಎಂದಳು ಹೆಂಡತಿ. ಕ್ಲಿನಿಕ್ಕಿನಲ್ಲಿ ನನ್ನ ಸಹಾಯಕಿಯೂ ಅವಳೇ. ಪಾಪ ಅಂದದ್ದು ಯಾರಿಗೋ ನನಗೆ ತಿಳಿಯಲಿಲ್ಲ.

ಕ್ಲಿನಿಕ್ಕಿಗೆ ಹೋದವನೇ ಕೆಂಪು ಪೆನ್ನು ಹಿಡಿದು ಕೂತೆ. ಹತ್ತು ಪುಟಕ್ಕೆ ಐದು ತಪ್ಪು ಹಿಡಿದು, ಕೊನೆಯ ಖಾಲಿ ಹಾಳೆಯಲ್ಲಿ ಬರೆದೆ. ಇಪ್ಪತ್ತನೇ ಪುಟಕ್ಕೆ ಪೆನ್ನು ಜೇಬು ಸೇರಿತು. ಮಧ್ಯಾಹ್ನ ಊಟದ ಡಬ್ಬಿ ತೆರೆಯಲೇ ಇಲ್ಲ. ಅಲ್ಲಿ ರಾತ್ರಿಯ ಹುಡುಗನ ಗಡಿಯಾರ ಕೆಟ್ಟು ನಿಂತಿದೆ, ಇಲ್ಲಿ ನನಗೆ ಊಟ ಸೇರುವುದಾದರೂ ಹೇಗೆ!

ನಾಲ್ಕು ಗಂಟೆಗೆ ಬಂದವರು ನನ್ನ ವಿಜ್ಞಾನದ ಟೀಚರು. ಏಳನೇ ತರಗತಿಯಲ್ಲಿ, ಪಾಠಪುಸ್ತಕದೊಳಗೆ ಕಥೆಪುಸ್ತಕ ಇಟ್ಟುಕೊಂಡು ಓದಿದ್ದಕ್ಕೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದವರು. ಈಗ ವಯಸ್ಸು ಎಪ್ಪತ್ತೆಂಟು. ಹೊಸ ಹಲ್ಲು ಕಟ್ಟಲು ಮೇಲಿನ ಸಾಲಿನ ಅಚ್ಚು ತೆಗೆಯಬೇಕಿತ್ತು.

"ಬೇಗ ಮುಗಿಸಪ್ಪಾ. ಐದಕ್ಕೆ ನಮ್ಮ ಹಳೇ ಸ್ಕೂಲಲ್ಲಿ ನನ್ನ ಭಾಷಣ ಇದೆ" ಎಂದು ಕುರ್ಚಿಯಲ್ಲಿ ಒರಗಿದರು. ಕನ್ನಡಕ ತೆಗೆಯಲು ಮಾತ್ರ ಒಪ್ಪಲಿಲ್ಲ.

ಅಚ್ಚು ತೆಗೆಯುವುದು ನನಗೆ ನೀರು ಕುಡಿದಷ್ಟು ಸಲೀಸು. ಹಿಡಿಯಿರುವ ಪುಟ್ಟ ತಟ್ಟೆಗೆ ಪೇಸ್ಟು ತುಂಬಿ ಬಾಯೊಳಗೆ ಒತ್ತಿ ಹಿಡಿದು, ಮೂರು ನಿಮಿಷಕ್ಕೆ ಸರಿಯಾಗಿ ಹೊರತೆಗೆಯಬೇಕು. ಹೆಚ್ಚು ಬಿಟ್ಟರೆ ಅದು ಅಲ್ಲೇ ಸಂಸಾರ ಹೂಡುತ್ತದೆ. ಟೀಚರ ತಲೆಯ ಹಿಂದೆ ನಿಂತು ಬಲಗೈಯಲ್ಲಿ ತಟ್ಟೆ ಒತ್ತಿ ಹಿಡಿದೆ. ಎಡಗೈ ಸುಮ್ಮನೆ ಇತ್ತಲ್ಲ! ಪುಸ್ತಕವನ್ನು ಎಕ್ಸ್‌ರೇ ಫೈಲಿನೊಳಗೆ ಇಟ್ಟು, ಕೈ ಮುಂದೆ ಚಾಚಿ, ಗಂಭೀರವಾಗಿ "ಹ್ಞೂಂ" ಎಂದೆ. ಹೆಬ್ಬೆರಳಲ್ಲೇ ಪುಟ ತಿರುವುವ ವಿದ್ಯೆ ಏಳನೇ ತರಗತಿಯದು. ಕೈ ಅದನ್ನು ಮರೆತಿರಲಿಲ್ಲ.

ಹುಡುಗಿ ಗಡಿಗೆ ಬಂದಳು. ಹುಡುಗನಿಲ್ಲ! ಪುಟ ತಿರುವಿದೆ. ಟೀಚರು ನನ್ನ ತೋಳು ಹಿಡಿದರು.

"ಇನ್ನೊಂದೇ ನಿಮಿಷ ಟೀಚರ್."

ಮತ್ತೊಂದು ಪುಟ ತಿರುವಿದೆ. ಈ ಸಲ ಚಿವುಟಿದರು.

"ಸ್ವಲ್ಪ ಸಹಿಸಿಕೊಳ್ಳಿ ಟೀಚರ್, ಆಗೇ ಹೋಯ್ತು."

"ಏನ್ರೀ ಇದು? ಹನ್ನೊಂದು ನಿಮಿಷ ಆಯ್ತು!" ಬಾಗಿಲಲ್ಲಿ ಹೆಂಡತಿ.

ತಟ್ಟೆ ಎಳೆದೆ. ಬರಲಿಲ್ಲ. ಬಲವಾಗಿ ಎಳೆದೆ. ಟೀಚರೇ ಕುರ್ಚಿಯಿಂದ ಎದ್ದು ಬಂದರು, ತಟ್ಟೆ ಬರಲಿಲ್ಲ! ಗಂಟೆ ನಾಲ್ಕೂವರೆ. ವೇದಿಕೆಯ ಮೇಲೆ, ಬಾಯಿಂದ ತಟ್ಟೆಯ ಹಿಡಿ ಚಾಚಿಕೊಂಡು ನಿಂತ ಮುಖ್ಯ ಅತಿಥಿ ಕಣ್ಣಮುಂದೆ ಬಂದರು. ನನಗೆ ನಿಜಕ್ಕೂ ಭಯವಾಯಿತು.

"ಸರೀರಿ ಆ ಕಡೆ" ಎಂದ ಹೆಂಡತಿ, ತಟ್ಟೆಯ ಅಂಚಿಗೆ ನೀರು ಬಿಟ್ಟು ಬೆರಳು ತೂರಿಸಿ ಮೆಲ್ಲಗೆ ಅಲುಗಿಸಿದಳು. ಪಟ್ಟನೆ ಬಂತು. ಟೀಚರ ಹಲ್ಲು ಎಣಿಸಿದೆ. ಎಲ್ಲವೂ ಇದ್ದಲ್ಲೇ ಇದ್ದವು.

ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿ ನಿಂತೆ. ಟೀಚರು ನಿಧಾನವಾಗಿ ಬಾಯಿ ಮುಕ್ಕಳಿಸಿದರು.

"ತೋಳು ಹಿಡಿದೆ, ಚಿವುಟಿದೆ. ಆದ್ರೂ ತಿರುವಿಬಿಡೋದಾ? ನಾನಿನ್ನೂ ಅರ್ಧ ಪುಟದಲ್ಲಿದ್ದೆ!"

ನಾನು ಫೈಲನ್ನು ಬೆನ್ನ ಹಿಂದೆ ಸರಿಸಿದೆ. ಟೀಚರು ಕೈ ಚಾಚಿದರು.

"ಕೆಲಸದ ಹೊತ್ತಲ್ಲಿ ಕಥೆಪುಸ್ತಕ ಓದಬಾರದು ಅಂತ ಅವತ್ತೇ ಹೇಳಿದ್ದೆ. ಕೊಡಿಲ್ಲಿ."

ಕೈ ತಾನಾಗಿಯೇ ಕೊಟ್ಟಿತು. ಪುಸ್ತಕ ಅವರ ಚೀಲ ಸೇರಿ ಭಾಷಣಕ್ಕೆ ಹೊರಟಿತು. ನನಗಿನ್ನೂ ನಲವತ್ತು ಪುಟ ಬಾಕಿ!

ಸಂಜೆ ಮಗಳು ಕೇಳಿದಳು: "ಪಟ್ಟಿ ಎಲ್ಲಿ?"

"ಪರಿಶೀಲನೆಯಲ್ಲಿದೆ."

"ಪುಸ್ತಕ?"

"ಅದೂ ಅಲ್ಲೇ ಇದೆ."

ಹೆಂಡತಿ ಕೆಮ್ಮಿದಳು, ಬಾಯಿ ಬಿಡಲಿಲ್ಲ. ಆ ದೊಡ್ಡ ಉಪಕಾರ ನಾಲ್ಕು ದಿನ ನಡೆಯಿತು.

ಐದನೇ ದಿನ ಟೀಚರು ಹಲ್ಲು ಕಟ್ಟಿಸಿಕೊಳ್ಳಲು ಬಂದರು. ಕ್ಲಿನಿಕ್ಕಿನಲ್ಲಿ ಅಷ್ಟು ಜನರಿರುವಾಗ, ಅಂದು ಅಲ್ಲಿಗೆ ಬಂದು ಅಮ್ಮನ ಪಕ್ಕದಲ್ಲಿ ಕೂತಿದ್ದ ಮಗಳ ಕೈಗೇ ಪುಸ್ತಕ ಕೊಡಬೇಕೆ! ಅವಳು ನೇರವಾಗಿ ಕೊನೆಯ ಹಾಳೆ ತೆರೆದಳು. ನನ್ನ ಐದು ತಪ್ಪುಗಳಲ್ಲಿ ನಾಲ್ಕಕ್ಕೆ ನೀಲಿ ಶಾಯಿಯಲ್ಲಿ ಅಡ್ಡಗೀಟು. ಐದನೆಯದಕ್ಕೆ ಮಾತ್ರ ಸರಿ ಗುರುತು. ಅದು ಪುಟಸಂಖ್ಯೆ ಎರಡು ಸಲ ಅಚ್ಚಾಗಿದ್ದ ತಪ್ಪು. ಕೆಳಗೆ ದುಂಡಗಿನ ಅಕ್ಷರದಲ್ಲಿ ಬರೆದಿತ್ತು:

"ಐದಕ್ಕೆ ಒಂದು. ತಿರುಗದ ಗ್ರಹದ ಪಾಠ ಮತ್ತೆ ಓದುವುದು. ಹುಡುಗನ ಗಮನವೆಲ್ಲ ಕಥೆಯ ಮೇಲಿದೆ. ಪೋಷಕರ ಸಹಿ ತರುವುದು."

ಮಗಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಗಲಿಲ್ಲ.

"ಪೆನ್ ಕೊಡಿ ಅಪ್ಪಾ" ಎಂದಳು.

ಜೇಬಿನಿಂದ ಕೆಂಪು ಪೆನ್ನು ತೆಗೆದು ಕೊಟ್ಟೆ. ಅವಳು ಸಹಿ ಹಾಕಿದಳು.