ಹಂಚು ಕೇಳಲು ಹೋದ 'ನೆವರ್'

ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ. ಹುದಿಕೇರಿ ಹತ್ತಿರದ ಕಾಫಿ ತೋಟವೊಂದರಲ್ಲಿ ನಾನು ರೈಟರ್, ಅಂದರೆ ಆಳುಗಳ ಹಾಜರಿ ಹಾಕುವವ. ತೋಟ ನೋಡಿಕೊಳ್ಳಲು ಹೊಸ ಬಿಳಿ ದೊರೆ ಬರುತ್ತಾರೆ, ಇಂಗ್ಲಿಷಿನಲ್ಲಿ ಸ್ವಾಗತ ಭಾಷಣ ನೀನೇ ಮಾಡಬೇಕು ಎಂದು ತೋಟದ ಆಫೀಸಿನಲ್ಲಿ ಹೇಳಿದಾಗ ನಾನು ಎಳ್ಳಷ್ಟೂ ಹೆದರಲಿಲ್ಲ. ಶಿರಂಗಾಲದ ನಮ್ಮ ಮನೆತನದಲ್ಲಿ ಇಂಗ್ಲಿಷ್ ಓದಿದವನು ನಾನೊಬ್ಬನೇ. ತಪ್ಪು ಹಿಡಿಯುವವರು ಯಾರೂ ಇರಲಿಲ್ಲವಾದ್ದರಿಂದ ನನ್ನ ಇಂಗ್ಲಿಷ್ ಬಹಳ ಚೆನ್ನಾಗಿತ್ತು.

ಹೆಂಡತಿ ಜಯಮ್ಮನಿಗೆ ಇದರಲ್ಲಿ ಕಂಡದ್ದು ಒಂದೇ ವಿಷಯ. ನಮ್ಮ ಕ್ವಾರ್ಟರ್ಸಿನ ಮಾಡು ಸೋರುತ್ತಿತ್ತು. ಮಳೆ ಶುರುವಾಯಿತೆಂದರೆ ಅವಳಿಗೆ ನಿದ್ದೆಯಿಲ್ಲ. ತಪ್ಪಲೆ, ಚೊಂಬು, ಬೋಗುಣಿಗಳನ್ನು ಹನಿ ಬಿದ್ದಲ್ಲಿಗೆ ಸರಿಸುತ್ತಾ ಕೂರಬೇಕು.

"ಮನೆ ಸೋರ್ತದೆ, ಹಂಚು ಹಾಕ್ಸಿಕೊಡಿ ಅಂತ ಕೇಳಿ. ಅಷ್ಟು ಸಾಕು" ಎಂದಳು.

"ಇಂಗ್ಲಿಷಿನಲ್ಲಿ ಹಾಗೆಲ್ಲ ದಡಕ್ಕನೆ ಕೇಳಬಾರದು ಕಣೇ."

"ಮತ್ತೆ ಹೆಂಗೆ ಕೇಳ್ತಾರೆ?"

ನಾನು ವ್ಯಾಕರಣದ ಪುಸ್ತಕ ತೆಗೆದೆ. 'ವಿ ಹ್ಯಾವ್ ನೆವರ್ ಆಸ್ಕ್ಡ್', ನಾವು ಎಂದೂ ಕೇಳಿಲ್ಲ, ಎಂಬುದು ಬಡಪಾಯಿ ವಾಕ್ಯ. ಅದೇ 'ನೆವರ್' ಅನ್ನು ಎತ್ತಿ ಮುಂದೆ ಕೂರಿಸಿದರೆ, 'ವಿ'ಯನ್ನು ಹಿಂದಿಕ್ಕಿ 'ಹ್ಯಾವ್' ಓಡಿಬರುತ್ತದೆ: 'ನೆವರ್ ಹ್ಯಾವ್ ವಿ ಆಸ್ಕ್ಡ್!' ಮದುವಣಿಗನಿಗಿಂತ ಮುಂದೆ ಛತ್ರಿ ಹಿಡಿದವನು ನಡೆದ ಹಾಗೆ. ಏನು ಗತ್ತು!

ಯೋಜನೆ ಸಿದ್ಧವಾಯಿತು. ಮೊದಲು, ಯಾವ ದೊರೆಯನ್ನೂ ನಾವು ಎಂದೂ ಏನೂ ಕೇಳಿಲ್ಲ ಎನ್ನುವುದು. ಕೊಂಚ ತಡೆಯುವುದು. ಆಮೇಲೆ 'ಓನ್ಲಿ ಟುಡೇ ಡು ವಿ ಆಸ್ಕ್', ಇವತ್ತು ಮಾತ್ರ ಕೇಳುತ್ತಿದ್ದೇವೆ, ಎಂದು ಹಂಚಿನ ವಿಷಯ ಎತ್ತುವುದು. ದೊರೆ ಕರಗದಿದ್ದರೆ ಕೇಳಿ.

ಸಮಾರಂಭಕ್ಕೆ ವಾಲಗದವರನ್ನು ಕರೆಸಿದ್ದ ಮೇಸ್ತ್ರಿ ಮುತ್ತಣ್ಣ ಎಚ್ಚರಿಸಿದ: "ರೈಟ್ರೇ, ನೀವು ಭಾಷಣ ಮುಗ್ಸಿ ಕೈ ಮುಗಿದ ಕೂಡ್ಲೆ ವಾಲಗ ಶುರು. ಮಧ್ಯದಲ್ಲಿ ಕೈ ಮುಗೀಬೇಡಿ ಮತ್ತೆ."

"ನನಗೆ ಅಷ್ಟೂ ಗೊತ್ತಾಗೋದಿಲ್ವಾ ಮುತ್ತಣ್ಣ?"

ಗೊತ್ತಾಗಲಿಲ್ಲ.

ಬಂಗಲೆಯ ಅಂಗಳದಲ್ಲಿ ನಿಂತು ಮೊದಲ ವಾಕ್ಯವನ್ನು ಗಂಭೀರವಾಗಿ ಹೇಳಿದೆ. ಎಷ್ಟು ವಿನಯದ ವಾಕ್ಯವೆಂದರೆ, ಕೈಗಳು ತಾವಾಗಿಯೇ ಮುಗಿದುಕೊಂಡವು! ವಾಲಗ ಮೊಳಗಿತು.

ಕೊಡಗಿನಲ್ಲಿ ವಾಲಗ ಒಮ್ಮೆ ಶುರುವಾದರೆ ಕಾಲುಗಳು ಯಾರ ಅಪ್ಪಣೆಯನ್ನೂ ಕಾಯುವುದಿಲ್ಲ. ಮುತ್ತಣ್ಣ ಕುಣಿದ. ಕೂಲಿ ಲೈನುಗಳ ಜನ ಕುಣಿದರು. ದೊರೆಯನ್ನೂ ಎಳೆದುಕೊಂಡರು, ಅವರೂ ಕುಣಿದರು. "ಓನ್ಲಿ ಟುಡೇ!" ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. ಇದೂ ಕುಣಿತದ ಕೇಕೆಯೇ ಎಂದುಕೊಂಡು ನಾಲ್ಕು ಜನ ತಿರುಗಿ ಕೂಗಿದರು. ಕೊನೆಗೆ ನಾನೂ ಕುಣಿದೆ. ಬೇರೇನು ಮಾಡಲಿ?

ಬೆವರೊರೆಸಿಕೊಳ್ಳುತ್ತಾ ದೊರೆ ನನ್ನ ಕೈ ಕುಲುಕಿದರು. ಏನನ್ನೂ ಕೇಳದ ನೌಕರರು ಸಿಕ್ಕಿದ್ದು ತಮ್ಮ ಭಾಗ್ಯ ಎಂದರು. ಅಷ್ಟು ಹೊತ್ತಿಗೆ ನನ್ನಲ್ಲಿ ಉಳಿದಿದ್ದ ಇಂಗ್ಲಿಷ್ 'ಥ್ಯಾಂಕ್ಯೂ ಸರ್' ಮಾತ್ರ.

ಮನೆಯಲ್ಲಿ ಜಯಮ್ಮ ಕಾದಿದ್ದಳು. "ಹಂಚು ಕೇಳಿದ್ರಾ?"

"ಪೀಠಿಕೆ ಮುಗೀತು."

"ದೊರೆ ಏನಂದ್ರು?"

"ಪೀಠಿಕೆಗೇ ಕುಣಿದುಬಿಟ್ರು."

ಬೈಯುತ್ತಾಳೆಂದುಕೊಂಡಿದ್ದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೆ ಅವಳ ಮೇಲೆ ಅಪಾರ ಪ್ರೀತಿ ಉಕ್ಕಿತು. ಆದರೆ ಪ್ರೀತಿಯಿಂದ ಮಾಡು ಸೋರುವುದು ನಿಲ್ಲುವುದಿಲ್ಲ.

ಕೆಲವು ದಿನಗಳ ಮೇಲೆ ತೋಟ ಸುತ್ತುತ್ತಿದ್ದ ದೊರೆ ಮಳೆಗೆ ಸಿಕ್ಕಿ ನಮ್ಮ ಮನೆಯೊಳಗೆ ಬಂದರು. ಜಯಮ್ಮ ಬೆಲ್ಲದ ಕಾಫಿ ಕೊಟ್ಟಳು. ಇದೇ ಸಮಯವೆಂದು ನಾನು ಗಂಟಲು ಸರಿಮಾಡಿಕೊಂಡು "ನೆವರ್..." ಎಂದೆ. ಅಷ್ಟರಲ್ಲಿ ಒಂದು ಹನಿ ಅವರ ಲೋಟಕ್ಕೆ ಬಿತ್ತು. ತಲೆ ಎತ್ತಿದರು. ಇನ್ನೊಂದು ಮೂಗಿನ ಮೇಲೆ ಬಿತ್ತು. ಜಯಮ್ಮ ಮೇಲಕ್ಕೆ ಬೆರಳು ತೋರಿಸಿ, "ಸೋರ್ತದೆ" ಎಂದಳು. ದೊರೆ ತಲೆಯಾಡಿಸಿದರು. ಮರುವಾರ ಗಾಡಿಯಲ್ಲಿ ಹಂಚು ಬಂತು.

ಹೊಸ ಹಂಚಿನ ಮೇಲೆ ಮೊದಲ ಜೋರು ಮಳೆ ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ಉಳಿದ ಭಾಷಣವನ್ನು ಒಬ್ಬರಾದರೂ ಕೇಳಲಿ ಎಂದು ಜಯಮ್ಮನನ್ನು ಕೂರಿಸಿ, ಎದ್ದು ನಿಂತು ಹೇಳತೊಡಗಿದೆ. ತಡೆಯಬೇಕಾದಲ್ಲಿ ತಡೆದು ಅವಳ ಮುಖ ನೋಡಿದೆ. ಗೋಡೆಗೊರಗಿ ಗಾಢ ನಿದ್ದೆಯಲ್ಲಿದ್ದಳು. ಮದುವೆಯಾದ ಮೇಲೆ ಮಳೆಯಲ್ಲಿ ಅವಳು ನಿದ್ದೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸದ್ದಾಗದಂತೆ ಕೂತೆ. ಹಂಚು ದೊರೆಯದು, ಕೇಳಿ ಪಡೆದವಳು ಅವಳು. ಬೇಗ ನಿದ್ದೆ ಬರಿಸಿದ್ದಷ್ಟೇ ನನ್ನ ಇಂಗ್ಲಿಷಿನ ಪಾಲು.