ಅಮೆರಿಕದ ಸುಂಕ, ಶ್ರಾವಣದ ಶೆಟ್ಲಿ

ನನಗೊಂದು ಚಟವಿದೆ. ಬೀಡಿ ಸಿಗರೇಟಿನದಲ್ಲ, ಇಸ್ಪೀಟಿನದೂ ಅಲ್ಲ. ಅವೇ ಆಗಿದ್ದರೆ ಮನೆಯವರು ಬೈದಾದರೂ ಬಿಡಿಸುತ್ತಿದ್ದರು. ನನ್ನದು ಜಗತ್ತಿನ ಚಟ. ಎಲ್ಲೋ ಎರಡು ದೇಶಗಳು ಪರಸ್ಪರ ಗುರುಗುಟ್ಟಿದರೆ ಸಾಕು, ಕುಮಟಾದ ನಮ್ಮ ಮನೆಯ ಜಗಲಿಯಲ್ಲಿ ಕೂತ ನನಗೆ ಎದೆ ಡವಡವ ಎನ್ನತೊಡಗುತ್ತದೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಮಾಸ್ತರ ನಾನು. ಮಕ್ಕಳು ಪರೀಕ್ಷೆಗೆ ಬರುವ ಪ್ರಶ್ನೆ ಕೇಳುತ್ತಾರೆ, ನಾನು ಪರೀಕ್ಷೆಗೆ ಬರದ ಉತ್ತರ ಹೇಳುತ್ತೇನೆ. ದೂರದ ಯುದ್ಧವೊಂದರಿಂದ ಸೂರ್ಯಕಾಂತಿ ಎಣ್ಣೆ ದುಬಾರಿಯಾದಾಗ, ಹಪ್ಪಳ ಕರಿಯುತ್ತಿದ್ದ ನನ್ನ ಹೆಂಡತಿ ಸುಮಿತ್ರಾಳ ಪಕ್ಕದಲ್ಲಿ ನಿಂತು ಕಪ್ಪು ಸಮುದ್ರದ ಬಂದರುಗಳ ಬಗ್ಗೆ ಅಷ್ಟುದ್ದ ವಿವರಿಸಿದ್ದೆ. ಅವಳು ಎಲ್ಲವನ್ನೂ ಕೇಳಿ, "ಆತು, ಈಗ ಆ ಜಾಲರಿ ಸೌಟು ಕೊಡಿ, ಹಪ್ಪಳ ಕರಕಲಾಯ್ತದೆ" ಎಂದಳು. ಹಪ್ಪಳ ಅಷ್ಟರಲ್ಲೇ ಕರಕಲಾಗಿತ್ತು. ಅದಕ್ಕೂ ಆ ಯುದ್ಧವೇ ಕಾರಣ ಎಂದು ನಾನು ಹೇಳಬಹುದಿತ್ತು, ಆದರೆ ಅವಳ ಕೈಯಲ್ಲಿ ಸೌಟಿತ್ತು.

ಈ ಕಥೆ ಶುರುವಾಗುವುದು ನಮ್ಮ ಮನೆಯ ಫ್ರಿಜ್ಜಿನಿಂದ. ನಮ್ಮ ಮದುವೆಯ ಹೊಸತರಲ್ಲಿ ತಂದ ಫ್ರಿಜ್ಜು ಅದು. ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆಂದು ಸುಮಿತ್ರಾ ಅದರ ನಡುವಿಗೆ ಹಳೆಯ ಲಂಗದ ಲಾಡಿ ಕಟ್ಟಿದ್ದಳು. ಮೇಲಿನ ಮಂಜುಗಡ್ಡೆಯ ಖಾನೆಯಲ್ಲಿ ಮಂಜುಗಡ್ಡೆ ಬಿಟ್ಟು ಉಳಿದದ್ದೆಲ್ಲ ಆಗುತ್ತಿತ್ತು. ಅಡಿಗೆ ಮನೆಗೆ ಕಾಲಿಟ್ಟವರಿಗೆಲ್ಲ ಅದು ಗರ್ ಎಂದು ಬೈಯುತ್ತಿತ್ತು. ಚೌತಿಯೊಳಗೆ ಹೊಸ ಫ್ರಿಜ್ಜು ಬಂದಿರಬೇಕು ಎಂಬುದು ಸುಮಿತ್ರಾಳ ಹಟ. ಚೌತಿಗೆ ಅವಳ ಅಕ್ಕಂದಿರೆಲ್ಲ ಬರುತ್ತಾರೆ, ಅವರೆದುರಿಗೆ ಲಾಡಿ ಬಿಚ್ಚಿ ಹಾಲು ತೆಗೆಯುವುದಕ್ಕೆ ಅವಳಿಗೆ ನಾಚಿಕೆ. ಹಾಗೆಂದು ಒಂದಿಷ್ಟು ದುಡ್ಡನ್ನು ಬೇರೆಯೇ ಇಟ್ಟಿದ್ದೆವು. ಆ ದುಡ್ಡನ್ನು ಕಂಡಾಗಲೆಲ್ಲ ನನಗೆ ಏನೇನೋ ಅಂತಾರಾಷ್ಟ್ರೀಯ ಯೋಚನೆಗಳು ಬರತೊಡಗಿದವು.

ಸುಮಿತ್ರಾಳ ತಮ್ಮ ಮಂಜುನಾಥ ಅಘನಾಶಿನಿ ಹೊಳೆಯ ಪಕ್ಕದ ಗಜನಿ ಗದ್ದೆಯಲ್ಲಿ, ಎಂದರೆ ಭರತದ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ, ಸಿಗಡಿ ಹೊಂಡ ಮಾಡಿದ್ದಾನೆ. ನಮ್ಮ ಕಡೆ ಸಿಗಡಿಗೆ ಶೆಟ್ಲಿ ಎನ್ನುತ್ತೇವೆ. ಅವನ ಶೆಟ್ಲಿ ಒಬ್ಬ ಏಜೆಂಟನ ಕೈಗೆ, ಅಲ್ಲಿಂದ ಒಂದು ದೊಡ್ಡ ಕಂಪನಿಯ ಕಾರ್ಖಾನೆಗೆ, ಅಲ್ಲಿಂದ ಸೀದಾ ಅಮೆರಿಕಕ್ಕೆ ಹೋಗುತ್ತದೆ. ಹೊಳೆ ಕಡಲು ಸೇರುವ ತದಡಿಯ ಆಚೆ ಕಾಲಿಡದ ಜೀವ ಹಡಗು ಹತ್ತಿ ಅಮೆರಿಕದ ತಟ್ಟೆ ಸೇರುತ್ತದೆಂದರೆ ಯಾರಿಗೆ ರೋಮಾಂಚನವಾಗದು! ಆ ಕಂಪನಿಯ ಷೇರು ಪೇಟೆಯಲ್ಲಿ ಸಿಗುತ್ತದೆ ಎಂದು ಗೊತ್ತಾದ ದಿನ ನನಗೆ ಊಟ ಸೇರಲಿಲ್ಲ.

"ನೋಡು, ನಿನ್ನ ತಮ್ಮ ಬೆಳೆಸ್ತಾನೆ, ಅವ್ರು ಮಾರ್ತಾರೆ, ಅಮೆರಿಕದವ್ರು ತಿಂತಾರೆ. ಇದು ನಮ್ಮ ಮನೆ ವ್ಯವಹಾರನೇ ಅಲ್ವಾ?" ಎಂದೆ.

"ಅಮೆರಿಕದವ್ರು ತಿನ್ನೂದು ಬಿಟ್ರೆ?" ಎಂದಳು.

"ಶೆಟ್ಲಿ ತಿನ್ನೂದು ಯಾರಾದ್ರೂ ಬಿಡ್ತ್ರಾ?"

ಶೆಟ್ಲಿಯ ವಿಷಯದಲ್ಲಿ ಅವಳೂ ನಾನೂ ಒಂದೇ ಪಕ್ಷ. "ಆತು. ಆದ್ರೆ ಚೌತಿಗೆ ಫ್ರಿಜ್ಜು ಬರ್ಲೇಬೇಕು" ಎಂದು ಷರತ್ತು ಹಾಕಿ ಒಪ್ಪಿದಳು. ನಮ್ಮ ಫ್ರಿಜ್ಜು ಆ ಮಧ್ಯಾಹ್ನವೇ ಮೊಬೈಲಿನೊಳಗೆ ಹೋಗಿ ಷೇರಾಗಿ ಕೂತಿತು.

ಮೊದಮೊದಲು ಏನು ಸಂಭ್ರಮ ಅಂತೀರಿ! ಹಸಿರು ಅಂಕಿಗಳು ಮೇಲೇರುತ್ತಿದ್ದವು. ನಾನು ಪಾಠದ ನಡುವೆ ಬೋರ್ಡಿನ ಕಡೆ ತಿರುಗಿ ಗುಟ್ಟಾಗಿ ಮೊಬೈಲು ನೋಡುತ್ತಿದ್ದೆ. ಒಂದು ಬಾಗಿಲಿನ ಫ್ರಿಜ್ಜು ಎರಡು ಬಾಗಿಲಿನದಾಯಿತು, ಇನ್ನೊಂದು ವಾರಕ್ಕೆ ಬಾಗಿಲಿನಲ್ಲೇ ನೀರು ಬರುವಂಥದ್ದಾಯಿತು. ಸುಮಿತ್ರಾ ಅಂಗಡಿಗೆ ಹೋಗಿ ಬಣ್ಣವನ್ನೂ ನೋಡಿಕೊಂಡು ಬಂದಳು. ಹೀಗಿರುವಾಗ ಒಂದು ಬೆಳಿಗ್ಗೆ, ಅಮೆರಿಕದವರು ನಮ್ಮ ದೇಶದ ಮಾಲಿನ ಮೇಲೆ ಭಾರೀ ಸುಂಕ ಹಾಕಿದರೆಂದು ಟೀವಿಯಲ್ಲಿ ಸುದ್ದಿ ಬಂತು. ಸತ್ಯ ಹೇಳಿಬಿಡುತ್ತೇನೆ, ಮೊದಲ ಗಳಿಗೆಯಲ್ಲಿ ನನಗೆ ಆದದ್ದು ಖುಷಿಯೇ. "ಬಂತು ನೋಡು! ನಾನು ಹೇಳಿರ್ಲಿಲ್ವಾ!" ಎಂದು ಚಹಾದ ಲೋಟ ಹಿಡಿದೇ ಎದ್ದು ನಿಂತೆ. ವ್ಯಾಪಾರ ಯುದ್ಧ, ರೂಪಾಯಿ ಮೌಲ್ಯ, ರಫ್ತು ಎಂದು ಬಾಯಿಗೆ ಬಂದದ್ದನ್ನೆಲ್ಲ ವಿವರಿಸಿದೆ. ಸುಮಿತ್ರಾ ನೆಲ ಒರೆಸುತ್ತಿದ್ದವಳು ತಲೆಯೆತ್ತಿ, "ಶೆಟ್ಲಿ ಮೇಲೂ ಹಾಕಿದ್ರಾ?" ಎಂದು ಕೇಳಿದಳು. ಆಗ ನಾನು ಕೂತುಬಿಟ್ಟೆ. ಪೇಟೆ ತೆರೆಯುವ ಹೊತ್ತಿಗೆ ನಮ್ಮ ಫ್ರಿಜ್ಜಿನಲ್ಲಿ ನೀರು ಬರುವುದು ನಿಂತಿತು. ಮಧ್ಯಾಹ್ನಕ್ಕೆ ಎರಡನೇ ಬಾಗಿಲು ಹೋಯಿತು. ಪೇಟೆ ಮುಚ್ಚುವಾಗ ಲಂಗದ ಲಾಡಿ ಮಾತ್ರ ಉಳಿಯಿತು.

ಆ ವಾರಾಂತ್ಯ ಮಂಜುನಾಥ ಬಂದ. ಬೈಕಿನ ಹಿಂದೆ ಒಂದು ದೊಡ್ಡ ಥರ್ಮಾಕೋಲ್ ಪೆಟ್ಟಿಗೆ ಕಟ್ಟಿಕೊಂಡು ಬಂದಿದ್ದ. ಮುಖ ಬಾಡಿತ್ತು. "ಭಾವಾ, ಏಜೆಂಟ ಅರ್ಧ ರೇಟು ಹೇಳ್ತಾನೆ. ಬ್ಯಾಡ ಅಂದ್ರೆ ಬಿಡು ಅಂತಾನೆ. ಹೊಂಡ ತುಂಬ ಶೆಟ್ಲಿ ಅದೆ, ದಿನಾ ಫೀಡ್ ಹಾಕ್ಬೇಕು. ಎಂತ ಮಾಡೂದು?" ಎಂದ. ಹಾಗೆನ್ನುತ್ತ ಪೆಟ್ಟಿಗೆಯ ಮುಚ್ಚಳ ತೆಗೆದ. ಅಯ್ಯಬ್ಬಾ! ನನ್ನ ಆಯುಷ್ಯದಲ್ಲಿ ಅಂಥ ಶೆಟ್ಲಿ ಕಂಡಿರಲಿಲ್ಲ. ಹೊಂಡದ ಒಳ್ಳೆಯ ಮಾಲೆಲ್ಲ ಹೊರದೇಶಕ್ಕೆ ಹೋಗಿ, ಊರಿನವರಿಗೆ ಉಳಿಯುವುದು ಚಿಕ್ಕಪುಟ್ಟದ್ದು. ಇವು ಒಂದೊಂದೂ ಅಂಗೈಯುದ್ದ ಇದ್ದವು, ಅಮೆರಿಕದವರ ಬಾಯಿಂದ ತಪ್ಪಿ ಬಂದವು. "ಅಕ್ಕಂಗೆ ಅಂತ ತಂದೆ" ಎಂದ ಮಂಜುನಾಥ. ಮರುಕ್ಷಣ ಮೂವರೂ ಮೂವರ ಮುಖ ನೋಡಿಕೊಂಡೆವು. ಅದು ಶ್ರಾವಣ ಮಾಸ.

ಓದುಗರೇ, ನಮ್ಮ ಮನೆಯಲ್ಲಿ ಶ್ರಾವಣ ಹಿಡಿದರೆ ಚೌತಿಯ ಗಣಪತಿಯನ್ನು ನೀರಿಗೆ ಬಿಡುವವರೆಗೆ ಮೀನಿನ ಹೆಸರೆತ್ತುವಂತಿಲ್ಲ. ಮೀನಿನ ಪಾತ್ರೆಗಳನ್ನೆಲ್ಲ ತೊಳೆದು ಅಟ್ಟಕ್ಕೆ ಹಾಕಿರುತ್ತೇವೆ. ಅಮೆರಿಕದವರು ಸುಂಕ ಹಾಕುವ ಮುಂಚೆ ಪಂಚಾಂಗ ನೋಡಬೇಡವೇ? ಚೌತಿ ಕಳೆದ ಮೇಲೆ ಹಾಕಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಷೇರು ಹೋದದ್ದಕ್ಕಿಂತ ಹೆಚ್ಚಿನ ಸಂಕಟ ನನಗೆ ಆ ಪೆಟ್ಟಿಗೆ ನೋಡಿ ಆಯಿತು. ಚೌತಿಯವರೆಗೆ ಇಟ್ಟುಕೊಳ್ಳೋಣವೆಂದರೆ ಹಳೆಯ ಫ್ರಿಜ್ಜಿನಲ್ಲಿ ಮಂಜುಗಡ್ಡೆ ಆಗುವುದಿಲ್ಲ, ಹೊಸದು ಬಂದಿಲ್ಲ. ಯಾವ ಸುಂಕದಿಂದ ಶೆಟ್ಲಿ ಮನೆಗೆ ಬಂತೋ ಅದೇ ಸುಂಕದಿಂದ ಫ್ರಿಜ್ಜು ಮನೆಗೆ ಬರಲಿಲ್ಲ. ಅಕ್ಕಪಕ್ಕದವರಿಗೆ ಕೊಡೋಣವೆಂದರೆ ಅವರಿಗೂ ಶ್ರಾವಣ.

ಆಗ ನೆನಪಾದವರು ಇಕ್ಬಾಲ್ ಮಾಸ್ತರ್ರು. ಹಿಂದೆ ನಮ್ಮ ಶಾಲೆಯಲ್ಲೇ ಗಣಿತ ಕಲಿಸುತ್ತಿದ್ದವರು, ಈಗ ತಮ್ಮೂರು ಭಟ್ಕಳದಲ್ಲೇ ಇದ್ದಾರೆ. ದುಬೈಯಲ್ಲಿರುವ ಅವರಣ್ಣ ಮನೆಗೆ ಆಳೆತ್ತರದ ಫ್ರೀಜರ್ ತಂದಿಟ್ಟಿದ್ದಾನೆ. ಫೋನು ಮಾಡಿದೆ. "ತಗೊಂಡು ಬನ್ನಿ ಮಾಸ್ತರ್ರೇ, ನಮ್ಮಲ್ಲಿ ಜಾಗ ಬೇಕಾದಷ್ಟು ಉಂಟು, ಶ್ರಾವಣ ಇಲ್ಲ" ಎಂದು ನಕ್ಕರು. ಪೆಟ್ಟಿಗೆಗೆ ಮತ್ತಷ್ಟು ಐಸು ತುಂಬಿ, ಹಳೆಯ ಬೆಡ್‌ಶೀಟು ಸುತ್ತಿ, ಭಟ್ಕಳದ ಬಸ್ಸು ಹತ್ತಿದೆ. "ಪುಸ್ತಕ" ಎಂದು ಕಂಡಕ್ಟರನಿಗೆ ಹೇಳಿದ್ದೆ. ಕುಮಟಾ ದಾಟುವಷ್ಟರಲ್ಲಿ ಪುಸ್ತಕದಿಂದ ನೀರು ಸೋರತೊಡಗಿತು.

ವಾರಗಟ್ಟಲೆ ಮೀನು ಕಾಣದ ಮೂಗುಗಳ ಶಕ್ತಿ ನಿಮಗೆ ಗೊತ್ತಿಲ್ಲ. ಮುಂದಿನ ಸೀಟಿನ ಹೆಂಗಸು ಮೊದಲು ತಿರುಗಿ ನೋಡಿದಳು. ಆಮೇಲೆ ಅವಳ ಗಂಡ. ಬಳಿಕ ಬಸ್ಸಿನ ಅರ್ಧ ಭಾಗ. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ, ಎಲ್ಲರೂ ಕಣ್ಣು ಅರೆಮುಚ್ಚಿ ಉಸಿರೆಳೆದುಕೊಳ್ಳುತ್ತಿದ್ದರು. ಕಂಡಕ್ಟರ ಬಂದು ಬೆಡ್‌ಶೀಟು ಎತ್ತಿ ನೋಡಿ, "ಓ ಮಾಸ್ತರ್ರೇ, ಇದೆಂತ ಪುಸ್ತಕ! ಶ್ರಾವಣದಲ್ಲಿ ನಮ್ಮ ವ್ರತ ಕೆಡಿಸೂಕೆ ಹೊರಟೀರಾ? ಇಷ್ಟು ದೊಡ್ಡ ಶೆಟ್ಲಿ ಎಲ್ಲಿ ಸಿಕ್ತು?" ಎಂದ.

ಎಲ್ಲಿ ಸಿಕ್ಕಿತು ಎಂದು ನನ್ನಂಥವನನ್ನು ಕೇಳಬಹುದೇ? ನಾನು ಅಮೆರಿಕದಿಂದ ಶುರುಮಾಡಿದೆ. ಬಸ್ಸು ಹೊನ್ನಾವರದ ಕಡೆ ಓಡುತ್ತಿತ್ತು. ನಾನು ಕಂಬಿ ಹಿಡಿದು ಎದ್ದು ನಿಂತಿದ್ದೆ. ಅಲ್ಲಿ ಒಬ್ಬ ದೊಡ್ಡ ಮನುಷ್ಯ ಕಾಗದಕ್ಕೆ ಸಹಿ ಹಾಕಿದರೆ ಇಲ್ಲಿ ಅಘನಾಶಿನಿಯ ಹೊಂಡದಲ್ಲಿ ಶೆಟ್ಲಿಯ ಬೆಲೆ ಹೇಗೆ ಬೀಳುತ್ತದೆ, ಕಂಪನಿ ಯಾಕೆ ಕೊಳ್ಳುವುದಿಲ್ಲ, ಷೇರು ಪೇಟೆ ಯಾಕೆ ಹೆದರುತ್ತದೆ ಎಂದು ಕೈಬೀಸಿ ಬೀಸಿ ಹೇಳಿದೆ. ತರಗತಿಯಲ್ಲಿ ಇಷ್ಟು ವರ್ಷ ಕಲಿಸಿದ್ದೇನೆ, ಅಂಥ ಮೌನ ಎಂದೂ ಕಂಡಿರಲಿಲ್ಲ. ಶರಾವತಿ ಸೇತುವೆಯ ಮೇಲೆ ಬಸ್ಸು ಹೋಗುವಾಗ, ನದಿಯನ್ನೂ ನೋಡದೆ ಜನ ನನ್ನನ್ನೇ ನೋಡುತ್ತಿದ್ದರು. ನನಗೆ ಮೈಮೇಲೆ ದೇವರು ಬಂದಂತಾಗಿತ್ತು. "ಅಮೆರಿಕದವರು ತಿನ್ನಬೇಕಾದ ಶೆಟ್ಲಿ ಇವತ್ತು ನಮ್ಮ ಹೊಂಡದಲ್ಲಿ ಬಿದ್ದದೆ, ಕೇಳುವವರಿಲ್ಲ!" ಎಂದು ಮುಗಿಸಿದೆ.

ಮುಂದಿನ ಸೀಟಿನ ಹೆಂಗಸು ಪೆಟ್ಟಿಗೆಯತ್ತ ಬಗ್ಗಿ ಕೇಳಿದಳು: "ಚೌತಿ ಕಳ್ದ ಮೇಲೂ ಇರ್ತದಾ?"

"ಹೊಂಡ ಯಾರದು? ನಂಬರ್ ಕೊಡಿ" ಎಂದ ಅವಳ ಗಂಡ. ಅವನು ಹೊನ್ನಾವರದಲ್ಲಿ ಮದುವೆ ಊಟದ ಕೆಲಸ ಹಿಡಿಯುವವನಂತೆ. ನಾನು ಉತ್ಸಾಹದಲ್ಲಿ ಮಂಜುನಾಥನ ನಂಬರನ್ನು ಇಡೀ ಬಸ್ಸಿಗೆ ಕೇಳುವಂತೆ ಹೇಳಿದೆ. ಕಂಡಕ್ಟರನೂ ಬರೆದುಕೊಂಡ. ನಮ್ಮ ಕರಾವಳಿಯಲ್ಲಿ ಕಂಡಕ್ಟರನ ಕಿವಿಗೆ ಬಿದ್ದದ್ದು ಕುಮಟಾದಿಂದ ಭಟ್ಕಳದವರೆಗೆ ಪ್ರತಿ ಸ್ಟಾಪಿನಲ್ಲೂ ಇಳಿಯುತ್ತದೆ. ಅವನು ಲಗೇಜಿಗೆಂದು ಬೇರೆ ಟಿಕೀಟು ಹರಿದು, "ಇದು ನಮ್ಮ ಸುಂಕ" ಎಂದ. ಬಸ್ಸು ಪೂರಾ ನಕ್ಕಿತು.

ಅಲ್ಲಿಂದ ಮುಂದಿನದನ್ನು ಹೇಳುವಾಗ ನನಗೆ ಈಗಲೂ ಕುರ್ಚಿಯಲ್ಲಿ ಕೂರಲಾಗುವುದಿಲ್ಲ. ಮಂಜುನಾಥನ ಫೋನು ಹೊಡೆದುಕೊಳ್ಳತೊಡಗಿತು. ಮದುವೆ ಊಟದವರು, ಮುರ್ಡೇಶ್ವರದ ಹೋಟೆಲಿನವರು, ಬೆಳಕೆ ಊರಿನ ಯಾರೋ, ಹೆಬಳೆಯ ಇನ್ಯಾರೋ, ಎಲ್ಲರಿಗೂ ಗಣಪತಿ ನೀರಿಗೆ ಹೋದ ಮರುದಿನವೇ ಶೆಟ್ಲಿ ಬೇಕು, ಅದೂ ಅಮೆರಿಕದ್ದೇ ಬೇಕು. ಕೆಲವರು ಮುಂಗಡವನ್ನೂ ಕಳಿಸಿದರು. ಅವನು ಏಜೆಂಟನಿಗೆ ಬೆನ್ನು ತಿರುಗಿಸಿ, ಹೊಂಡಕ್ಕೆ ಫೀಡ್ ಹಾಕುತ್ತ ಚೌತಿಗೆ ಕಾದ. "ಭಾವಾ, ಬದುಕಿಸಿದ್ರಿ" ಎಂದು ಫೋನಿನಲ್ಲಿ ಅತ್ತೇಬಿಟ್ಟ. ಗೌರಿ ಹಬ್ಬದ ದಿನ ಸುಮಿತ್ರಾಳಿಗೆ ತವರಿನ ಬಾಗಿನ ಟೆಂಪೋದಲ್ಲಿ ಬಂತು. ಎರಡು ಬಾಗಿಲಿನದು, ಅವಳು ನೋಡಿಟ್ಟುಕೊಂಡಿದ್ದ ಬಣ್ಣದ್ದೇ. ಅವಳು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹಳೆಯದರ ಲಾಡಿ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಬಾಯಿಗೆ ಕಟ್ಟಿಕೊಳ್ಳಲೋ ಮೊಬೈಲಿಗೋ ಎಂದು ನಾನು ಕೇಳಲಿಲ್ಲ.

ಗಣಪತಿಯನ್ನು ಬಿಟ್ಟ ಮರುದಿನ ಬೆಳಿಗ್ಗೆ ಅಟ್ಟದಿಂದ ಮೀನಿನ ಪಾತ್ರೆ ಇಳಿಯಿತು. ಮೊದಲು ಇಕ್ಬಾಲ್ ಮಾಸ್ತರ್ರಿಗೆ ಫೋನು ಮಾಡಿದೆ. "ಎರಡು ದಿನ ಕರೆಂಟು ಇರಲಿಲ್ಲ ಮಾಸ್ತರ್ರೇ. ಹಾಳಾಗಬಾರದಂತ ಬಿರಿಯಾನಿ ಮಾಡಿದ್ವಿ. ನಿಮ್ಮ ಹೆಸರು ಹೇಳಿಯೇ ಉಂಡದ್ದು" ಎಂದರು. ಮಂಜುನಾಥನಿಗೆ ಮಾಡಿದರೆ, "ನಿಮ್ಗೆ ಎತ್ತಿಡೂಕೆ ಮರ್ತೇಹೋತಲ್ಲ ಭಾವಾ, ಹೊಂಡದಲ್ಲಿ ಬರೀ ನೀರು" ಎಂದ. ಅದೇ ದಿನ ನಮ್ಮ ಕಂಪನಿಯ ಷೇರು ಇನ್ನಷ್ಟು ಕುಸಿಯಿತು. ಮಂಜುನಾಥ ಮಾಲು ಕೊಡದೆ ಹೋದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಬಲ್ಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅಮೆರಿಕದವರು ಅರ್ಧ ಕೆಡವಿದರು, ಉಳಿದರ್ಧವನ್ನು ನಾನು ಬಸ್ಸಿನಲ್ಲಿ ನಿಂತು ಕೆಡವಿದೆ.

ಕೊನೆಗೆ ಚೀಲ ಹಿಡಿದು ಮೀನು ಪೇಟೆಗೆ ಹೋದೆ. ಶೆಟ್ಲಿಯ ಬುಟ್ಟಿಗಳೆಲ್ಲ ಖಾಲಿ.

"ಎಲ್ಲ ಆಗ್ಲೇ ಹೋತು" ಎಂದಳು ಮೀನಿನವಳು. "ಯಾರೋ ಮಾಸ್ತರ್ರು ಬಸ್ಸಲ್ಲಿ ಭಾಷಣ ಮಾಡಿದ್ರಂತೆ. ಅಂದಿಂದ ಎಲ್ರಿಗೂ ಶೆಟ್ಲಿನೇ ಬೇಕು."

"ಯಾರಂತೆ ಅವ್ರು?" ಎಂದು ನಾನು ಮೆಲ್ಲಗೆ ಕೇಳಿದೆ.

"ಹೆಸ್ರು ಗೊತ್ತಿಲ್ಲ. ಭಾರೀ ತಿಳ್ದವ್ರಂತೆ. ಅಮೆರಿಕದಲ್ಲಿ ಎಂತ ಆತದೆ ಅಂತ ಮೊದ್ಲೇ ಗೊತ್ತಾತದಂತೆ ಅವ್ರಿಗೆ."

ನಾನು ತಾರಲೆ ಮೀನು ಕೊಂಡು ಮನೆಗೆ ಬಂದೆ. ಬಂದವನೇ ಮೀನಿನವಳ ಮಾತನ್ನು ಸುಮಿತ್ರಾಳಿಗೆ ಹೇಳಿದೆ, ಒಂಚೂರು ಹೆಮ್ಮೆಯಿಂದಲೇ. ಅವಳು ಹೊಸ ಫ್ರಿಜ್ಜಿನ ಬಾಗಿಲು ತೆರೆದು ತಾರಲೆಯನ್ನು ಒಳಗಿಡುತ್ತ, "ನಾನೇ ಆ ಮಾಸ್ತರ ಅಂತ ಹೇಳಿದ್ರಾ?" ಎಂದಳು.

"ಇಲ್ಲ."

"ಒಳ್ಳೇದಾತು. ಹೇಳಿದ್ರೆ ಷೇರು ತಗಂಡದ್ದೂ ಹೇಳ್ಬೇಕಾತಿತ್ತು" ಎಂದು ಬಾಗಿಲು ಮುಚ್ಚಿದಳು. ಲಾಡಿ ಇಲ್ಲದೆಯೇ ಅದು ಮೆತ್ತಗೆ ಮುಚ್ಚಿಕೊಂಡಿತು. ಅಷ್ಟರಲ್ಲಿ ಜೇಬಿನಲ್ಲಿ ಮೊಬೈಲು ನಡುಗಿತು. ಸುಂಕದ ಬಗ್ಗೆ ಹೊಸದಾಗಿ ಮಾತುಕತೆ ಆಗಬಹುದಂತೆ! ಎದೆ ಡವಡವ ಎಂದಿತು. ನನಗೆ ಭಟ್ಕಳದಲ್ಲಿ ಏನೂ ಕೆಲಸವಿರಲಿಲ್ಲ; ಆದರೂ ಬಸ್ಸಿಗೆ ಹೊತ್ತಾಯಿತೆಂದು ಚಪ್ಪಲಿ ಹುಡುಕತೊಡಗಿದೆ.