ಹಲ್ಲಿಲ್ಲದವರ ಪಂಕ್ತಿಗೆ ಚಪಾತಿ

ಹತ್ತು ಜನಕ್ಕೆ ಊಟ ಹಾಕುವ ಕಡೆ ನಗುವಂಥದ್ದು ಏನಾದರೂ ನಡೆಯುತ್ತಲೇ ಇರುತ್ತದೆ. ಈಗ ಹೇಳುವಾಗ ನನಗೂ ನಗು ಬರುತ್ತದೆ. ಆಗ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಅರವತ್ತರ ದಶಕದ ಮಾತು. ಶಿಡ್ಲಘಟ್ಟದ ಒಂದು ಛತ್ರದಲ್ಲಿ ದಿಕ್ಕಿಲ್ಲದ ಮುದುಕ ಮುದುಕಿಯರಿಗೆ ದಿನಾ ಮಧ್ಯಾಹ್ನ ಊಟ ಹಾಕುತ್ತಿದ್ದರು. ಅಡುಗೆಯವಳು ನಾನೇ.

೧. ಗೋಧಿ ಬಂತು

ಒಂದು ದಿನ ಛತ್ರದ ಸಮಿತಿಯ ಕಾರ್ಯದರ್ಶಿ ಗೋಧಿ ಹಿಟ್ಟಿನ ಮೂಟೆ ಇಳಿಸಿ, "ನಾಳೆಯಿಂದ ರಾಗಿಮುದ್ದೆ ಬೇಡಮ್ಮ, ಚಪಾತಿ ಮಾಡು. ವಯಸ್ಸಾದೋರಿಗೆ ಶಕ್ತಿ ಬೇಕು" ಎಂದರು.

"ಹಲ್ಲಿಲ್ಲದೋರು ಹೆಂಗೆ ಅಗೀತಾರೆ ಸ್ವಾಮಿ? ಮುದ್ದೆಯಾದ್ರೆ ಸಾರಲ್ಲಿ ಹೊರಳಿಸಿ ನುಂಗ್ತಾರೆ."

"ಅದೇ ತಪ್ಪು. ನುಂಗಬಾರದು. ಅಗಿದ್ರೇನೇ ಜೀರ್ಣ ಆಗೋದು."

ಹಾಗಂದವರೇ, ಅವತ್ತೇ ಎಲ್ಲರನ್ನೂ ತೂಗಿಸಿ ಬರೆದಿಟ್ಟುಕೊಂಡರು. ಬಾಯಿ ತೆಗೆಸಿ ನೋಡಬೇಕು ಅಂತ ಮಾತ್ರ ತೋಚಲಿಲ್ಲ. ನಮ್ಮ ಪಂಕ್ತಿಯವರ ಹಲ್ಲನ್ನೆಲ್ಲ ಒಟ್ಟುಗೂಡಿಸಿದ್ದರೂ ಒಬ್ಬ ಕಾರ್ಯದರ್ಶಿಗೆ ಸಾಲುತ್ತಿರಲಿಲ್ಲ.

೨. ನನ್ನ ಕೈರುಚಿ

ನಾನು ಹುಟ್ಟಿದಾಗಿನಿಂದ ಚಪಾತಿ ಮಾಡಿದವಳಲ್ಲ. ಒಂದೊಂದೂ ಎಕ್ಕಡದ ಅಟ್ಟೆಯ ಹಾಗೆ ಬಂತು. ಸಾರಲ್ಲಿ ನೆನೆಸಿ ಕೊಟ್ಟರೂ ರಬ್ಬರಿನಂತೆ ಎಳೆದುಕೊಂಡಿತು.

ಸಾದಲಿ ಕಡೆಯಿಂದ ಬಂದು ಸೇರಿದ್ದ ಒಬ್ಬ ಅಜ್ಜಿಯ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ದಿನಕ್ಕೆ ಅವಳಿಗೆ ಇದೊಂದೇ ಊಟ. ಸಾರು ಕುಡಿದು, ಚಪಾತಿಯನ್ನು ಸೆರಗಿಗೆ ಕಟ್ಟಿಕೊಂಡು ಎದ್ದುಬಿಡುತ್ತಿದ್ದಳು. "ಮುದ್ದೆ ಯಾವಾಗ ಮಾಡ್ತೀಯಮ್ಮ?" ಎಂದು ಅವಳು ಕೇಳಿದಾಗಲೆಲ್ಲ ನನಗೆ ಆ ಮೂಟೆಗೆ ಬೆಂಕಿ ಇಡುವಷ್ಟು ಸಿಟ್ಟು.

"ಕಟ್ಕೊಂಡು ಹೋಗಿ ಏನ್ಮಾಡ್ತೀಯಜ್ಜಿ?"

"ಮೇಕೆಗೆ ಹಾಕ್ತೀನಿ ತಾಯಿ. ಅದಕ್ಕೆ ಹಲ್ಲಿದೆ."

೩. ತೂಕ

ತಿಂಗಳಾದ ಮೇಲೆ ಎಷ್ಟು ಶಕ್ತಿ ಬಂದಿದೆ ಎಂದು ನೋಡಲು ಕಾರ್ಯದರ್ಶಿ ಮತ್ತೆ ತಕ್ಕಡಿ ತರಿಸಿದರು. ನೂಲು ತೆಗೆಯಲು ಬಿಸಿನೀರಿಗೆ ಹಾಕುವ ಮುಂಚೆ ರೇಷ್ಮೆಗೂಡು ತೂಗುವ ದೊಡ್ಡ ತಕ್ಕಡಿ. ಅಜ್ಜಿ ತಟ್ಟೆಯಲ್ಲಿ ಕೂತು, "ಏಮಪ್ಪಾ, ತೂಗಿ ನನ್ನೂ ಬಿಸಿನೀರಿಗೆ ಹಾಕ್ತೀಯಾ?" ಎಂದಳು.

ಅಜ್ಜಿ ಮೊದಲಿಗಿಂತ ಹಗುರವಾಗಿದ್ದಳು. "ತಕ್ಕಡೀನೇ ಸರಿಯಿಲ್ಲ" ಎಂದರು ಕಾರ್ಯದರ್ಶಿ.

ನನಗೆ ತಡೆಯಲಾಗಲಿಲ್ಲ. "ತಕ್ಕಡಿ ಸರಿಗೇ ಇದೆ ಸ್ವಾಮಿ. ಇವಳ ಮೇಕೆ ತೂಗಿ ನೋಡಿ, ನಿಮ್ಮ ಶಕ್ತಿಯೆಲ್ಲ ಅಲ್ಲಿಗೆ ಹೋಗಿದೆ" ಎಂದೆ. ಇನ್ನೊಂದು ಮಾತಾಡಿದರೆ ಕೆಲಸ ಬಿಡಿಸುತ್ತೇನೆ ಎಂದು ಅವರು ಗದರಿದರು.

೪. ಸಾಹೇಬರ ಊಟ

ಆಮೇಲೆ ಬೆಂಗಳೂರಿನಿಂದ ಒಬ್ಬ ದೊಡ್ಡ ಸಾಹೇಬರು ಊಟ ನೋಡಲು ಬಂದರು. ಹೋದರೆ ಕೆಲಸ ಹೋಗಲಿ ಎಂದು ಅವತ್ತು ಬೇಕಂತಲೇ ಮುದ್ದೆ ತೊಳಸಿ, ಹುರುಳಿಕಾಳಿನ ಸಾರು ಮಾಡಿದೆ. ಕಾರ್ಯದರ್ಶಿ ಹಲ್ಲು ಕಡಿದರು. ಸಾಹೇಬರ ಮುಂದೆ ಬೈಯುವ ಹಾಗಿರಲಿಲ್ಲ.

ಸಾಹೇಬರು ಪಂಕ್ತಿಯಲ್ಲೇ, ಅಜ್ಜಿಯ ಪಕ್ಕ ಕೂತರು. ಅವರು ಅನ್ನ ತಿನ್ನುವ ಸೀಮೆಯವರು, ಮುದ್ದೆ ಕಂಡವರಲ್ಲ. "ಇದನ್ನ ತಿನ್ನೋದು ಹೇಗೆ?" ಎಂದು ಕೇಳಿದರು.

"ನುಂಗಪ್ಪ" ಎಂದಳು ಅಜ್ಜಿ.

"ಅಗೀರಿ ಸಾರ್, ಅಗಿದ್ರೇನೇ ಜೀರ್ಣ" ಎಂದರು ಕಾರ್ಯದರ್ಶಿ.

ಸಾಹೇಬರು ಓದಿದವರ ಮಾತು ಕೇಳಿದರು. ಎರಡು ಸಲ ಅಗಿಯುವಷ್ಟರಲ್ಲಿ ಬಾಯಿ ಅಂಟಿಕೊಂಡಿತು. ಕೈಹಾಕಿ ಮುದ್ದೆ ಹೊರಗೆಳೆದರೆ, ಕಟ್ಟಿಸಿಕೊಂಡಿದ್ದ ಹಲ್ಲಿನ ಸೆಟ್ಟೂ ಅದರ ಜೊತೆಗೇ ಬಂತು.

ಅಜ್ಜಿ, "ತೆಗೆದು ಪಕ್ಕಕ್ಕಿಡಪ್ಪ ಅದನ್ನ. ಈಗ ನುಂಗು" ಎಂದಳು. ಸಾಹೇಬರು ಸಾರಲ್ಲಿ ಹೊರಳಿಸಿ ನುಂಗಿದರು. ಇನ್ನೊಂದು ತುತ್ತು ನುಂಗಿದರು. ಇಡೀ ಮುದ್ದೆ ಮುಗಿಸಿ, ಕಾರ್ಯದರ್ಶಿಯ ಕಡೆ ಕಣ್ಣು ಕೆಂಪಗೆ ಮಾಡಿಕೊಂಡು ಏನೋ ಗದರಿದರು. ಹಲ್ಲು ಎಲೆಯ ಮೇಲಿತ್ತು. ಬಾಯಿಂದ ಬಂದದ್ದು ಬರೀ ಗಾಳಿ.

"ಏನಂದ್ರಿ ಸಾರ್?" ಎಂದು ಕಾರ್ಯದರ್ಶಿ ಕೈಮುಗಿದರು. ಮತ್ತೆ ಗಾಳಿ.

"ನಂಗರ್ಥವಾಯ್ತು" ಎಂದಳು ಅಜ್ಜಿ. "ನಾಳೆಯಿಂದ ದಿನಾ ಮುದ್ದೆ ಮಾಡಿಸ್ಬೇಕಂತೆ."

ಸಾಹೇಬರು ಜೋರಾಗಿ ತಲೆಯಾಡಿಸಿದರು.

"ಮಿಕ್ಕಿರೋ ಚಪಾತಿಯೆಲ್ಲ ನೀನೇ ಅಗೀಬೇಕಂತೆ."

ಅಷ್ಟನ್ನೂ ಸಾಹೇಬರು ಹೇಳಿದ್ದರೋ ಇಲ್ಲವೋ ದೇವರಿಗೇ ಗೊತ್ತು. ಅದಕ್ಕೂ ತಲೆಯಾಡಿಸಿದರು.